ಹಕ್ಕಿಯ ವಂಶಾವಳಿ

ಮಲೆನಾಡಿನಲ್ಲಿ ಚಿತ್ತೆಯ ಮಳೆ ಮುಗಿದು ಸ್ವಾತಿ ಕಾಲಿಟ್ಟಿತೆಂದರೆ ಕಾಫಿತೋಟದವರಿಗೆಲ್ಲ ಕುಯ್ಲಿನ ಯೋಚನೆ ಹತ್ತುತ್ತದೆ. ಮೂಡಿಗೆರೆಯ ಕಡೆ ಸಣ್ಣದೊಂದು ತೋಟ ಮಾಡಿಕೊಂಡಿರುವ ನನ್ನ ಸೋದರಳಿಯನಿಗೆ ಅದರ ಜೊತೆಗೆ ಇನ್ನೊಂದು ಯೋಚನೆಯೂ ಹತ್ತಿಕೊಳ್ಳುತ್ತದೆ: ಈ ವರ್ಷ ಯಾವ ಗಂಡಿಗೆ ಯಾವ ಹೆಣ್ಣು? ಅವನ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೆಂದು ಯಾರೂ ಭಾವಿಸಬೇಕಾಗಿಲ್ಲ. ನಾನು ಹೇಳುತ್ತಿರುವುದು ಹಕ್ಕಿಗಳ ಮಾತು. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ, ಬಜರಿಗರ್ ಎಂಬುದೇ ಸರಿಯಾದ ಹೆಸರಾಗಿರುವ ಪುಟ್ಟ ಗಿಳಿಗಳನ್ನು ಅವನು ಹನ್ನೆರಡು ವರ್ಷಗಳಿಂದ ಸಾಕುತ್ತಿದ್ದಾನೆ. ದೊಡ್ಡ ಊರುಗಳಲ್ಲಿ ನಡೆಯುವ ಪ್ರದರ್ಶನಗಳಿಗೆ ಒಯ್ಯುತ್ತಾನೆ. ಒಮ್ಮೊಮ್ಮೆ ಒಂದು ಬಹುಮಾನದ ಬಟ್ಟಲನ್ನೂ ಗೆದ್ದು ತರುತ್ತಾನೆ.

ಈ ವ್ಯವಹಾರದಲ್ಲಿ ನನಗೂ ಒಂದು ಉದ್ಯೋಗವುಂಟು. ಕಾಫಿತೋಟಗಳಲ್ಲಿ ಲೆಕ್ಕಪತ್ರ ಬರೆಯುವವರನ್ನು ‘ರೈಟರು’ ಎನ್ನುತ್ತಾರೆ. ಆಳುಗಳ ಹಾಜರಿ, ಹಣ್ಣಿನ ತೂಕ, ಗೊಬ್ಬರದ ಮೂಟೆ ಎಲ್ಲವೂ ಅವರ ಪುಸ್ತಕದಲ್ಲಿ ಇರತಕ್ಕದ್ದು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಚಿಕ್ಕಮಗಳೂರಿನಲ್ಲಿ ಕುಳಿತ ಮೇಲೆ, ಅಕ್ಷರ ಚೆನ್ನಾಗಿದೆ ಎಂಬ ಒಂದೇ ಅರ್ಹತೆಯಿಂದ ನಾನು ಅಳಿಯನ ಹಕ್ಕಿಗಳ ರೈಟರಾದೆ. ದೀಪಾವಳಿಗೆ ಮುಂಚಿನ ಒಂದು ಶನಿವಾರ ಬಸ್ಸು ಹತ್ತಿ ಹೋಗಿ, ಅವನ ಜಗಲಿಯ ಮೇಜಿನ ಮುಂದೆ ಕುಳಿತು, ದಪ್ಪ ರಟ್ಟಿನ ಪುಸ್ತಕದಲ್ಲಿ ಆ ವರ್ಷದ ಜೋಡಿಗಳನ್ನು ಬರೆಯುತ್ತೇನೆ. ಹಾಗೆ ಬರೆಯುತ್ತ ಬರೆಯುತ್ತ, ಹಕ್ಕಿಯ ವಂಶಾವಳಿಗೂ ನಾನು ಜೀವಮಾನವೆಲ್ಲ ಓದಿದ ಶಾಸನಗಳ ವಂಶಾವಳಿಗೂ ಇರುವ ನಂಟು ಹೊಳೆಯಿತು. ಆ ನಂಟನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಚರಿತ್ರೆಯಲ್ಲಿಯೇ ಅದು ಒಬ್ಬ ಮನುಷ್ಯನ ರೂಪದಲ್ಲಿ ನಿಂತಿದೆ. ಈ ಹೊತ್ತಿನ ನನ್ನ ಮಾತು ಅವನನ್ನೂ ಆ ಪುಸ್ತಕವನ್ನೂ ಕುರಿತದ್ದು.

ಮೊದಲು ಒಂದು ಭೇದವನ್ನು ಹೇಳಬೇಕು. ಹಕ್ಕಿಯನ್ನು ಹಿಡಿದು ಪಂಜರದಲ್ಲಿಡುವುದು ಬೇರೆ. ಪಂಜರದಲ್ಲಿಯೇ ಹುಟ್ಟಿಸಿ, ಹುಟ್ಟಿದವುಗಳಲ್ಲಿ ಆರಿಸಿ, ಆರಿಸಿದವನ್ನು ಮತ್ತೆ ಜೋಡಿ ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ಒಂದು ರೂಪವನ್ನು ತಿದ್ದಿ ತರುವುದು ಬೇರೆ. ನಮ್ಮ ಗುಡ್ಡಗಾಡಿನ ಪಂಜರಗಳಲ್ಲಿ ನಾನು ಹುಡುಗನಾಗಿದ್ದಾಗ ಕಂಡದ್ದು ಮೊದಲನೆಯದನ್ನು ಮಾತ್ರ. ಹಳೆಯ ಮರದ ಪೊಟರೆಗೆ ಕೈಹಾಕಿ ಗಿಳಿಮರಿಯನ್ನೋ ಬೆಟ್ಟದ ಗೊರವಂಕದ ಮರಿಯನ್ನೋ ಇಳಿಸುತ್ತಿದ್ದರು. ಜಗಲಿಯ ತೊಲೆಗೆ ಪಂಜರ ತೂಗುಹಾಕಿ, ಬಾಳೆಹಣ್ಣು ತಿನ್ನಿಸಿ, ಎರಡು ಮಾತು ಕಲಿಸುತ್ತಿದ್ದರು. ಆ ಹಕ್ಕಿಯ ತಂದೆತಾಯಿ ಯಾರೆಂದು ಕೇಳಿದವರಿಲ್ಲ. ಅದು ಸತ್ತರೆ ಮರ ಇದ್ದೇ ಇತ್ತಲ್ಲ.

ಬಾಣನ ಕಾದಂಬರಿ ಆರಂಭವಾಗುವುದೇ ಇಂಥ ಒಂದು ಗಿಳಿಯಿಂದ. ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನು ಓದಿದವರಿಗೆ ಆ ಸನ್ನಿವೇಶ ಮರೆಯುವಂಥದಲ್ಲ. ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿದ ವೈಶಂಪಾಯನನೆಂಬ ಗಿಳಿ, ಬೇಡನೊಬ್ಬ ಮರಹತ್ತಿ ತನ್ನ ತಂದೆಯನ್ನು ಕೊಂದ ಕಥೆಯನ್ನು ಅರಸನ ಸಭೆಯಲ್ಲಿ ತಾನೇ ಹೇಳುತ್ತದೆ. ಪಾಠ ಹೇಳುತ್ತಿದ್ದಷ್ಟು ಕಾಲ ನನಗೆ ಅದು ಕಥೆಯ ಚೌಕಟ್ಟಾಗಿ ಮಾತ್ರ ಕಂಡಿತ್ತು. ನಮ್ಮ ಮನೆಯ ತೊಲೆಯಿಂದ ತೂಗುತ್ತಿದ್ದ ಪಂಜರವೂ ಅದೇ ಕಥೆಯೆಂದು ಹೊಳೆಯಲು ಬಹಳ ತಡವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ೧೯೯೧ರಲ್ಲಿ ಬಂದ ತಿದ್ದುಪಡಿಯೂ ನಮ್ಮ ಕಾಡಿನ ಹಕ್ಕಿಗಳನ್ನು ಹಿಡಿದು ಮಾರುವ ವ್ಯಾಪಾರಕ್ಕೆ ಕಾನೂನಿನ ಬಾಗಿಲು ಮುಚ್ಚಿದವು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹೊತ್ತು ಅಲೆದು, ಇದೇ ಹಕ್ಕಿಗಳನ್ನು ಅವುಗಳ ಕೊಂಬೆಯ ಮೇಲೆಯೇ ನೋಡುವುದನ್ನು ಕನ್ನಡದ ಓದುಗರಿಗೆ ಕಲಿಸಿದರು. ಆದ್ದರಿಂದ ಇಂದು ಪಂಜರದಲ್ಲಿ ನ್ಯಾಯವಾಗಿ ಇರಬಹುದಾದದ್ದು ಪಂಜರದಲ್ಲೇ ಹುಟ್ಟಿದ ಪರದೇಶದ ಹಕ್ಕಿಗಳು ಮಾತ್ರ.

ಹುಟ್ಟಿಸಿ ಆರಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳನ್ನು ಇಪ್ಪತ್ತಾಗಿ ಎಣಿಸಿದೆ. ಅವುಗಳಲ್ಲಿ ಕೋಳಿಯದೊಂದು, ಲಾವಿಗೆ ಹಕ್ಕಿಯದೊಂದು, ಪಾರಿವಾಳದ್ದೊಂದು, ಗಿಡುಗದ್ದೊಂದು. ಅಕ್ಬರನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಗಿಲಾಗಿ ಪಾರಿವಾಳಗಳಿದ್ದುವೆಂದೂ ಬಾದಶಹನು ತಳಿಗೆ ತಳಿಯನ್ನು ಕೂಡಿಸಿ ಉತ್ತಮಪಡಿಸಿದನೆಂದೂ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಹೇಳುತ್ತದೆ. ಹದಿನೆಂಟನೆಯ ಶತಮಾನದ ಹೊತ್ತಿಗೆ ಪಾರಿವಾಳಗಳನ್ನು ಕುರಿತೇ ಪಾರ್ಸಿಯಲ್ಲಿ ಬರೆದ ಗ್ರಂಥಗಳಿದ್ದುವು. ಅಂಥ ಒಂದು ಗ್ರಂಥದ ಅನುವಾದ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ನನ ಮೇಜಿಗೆ ಹೋಯಿತು. ಅದನ್ನು ದೊರಕಿಸಿಕೊಟ್ಟವನೇ ನಾನು ಆಗ ಹೇಳಿದ ಮನುಷ್ಯ, ಸರ್ ವಾಲ್ಟರ್ ಎಲಿಯಟ್.

ಎಲಿಯಟ್ಟನ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ಹೊಸದಲ್ಲ. ೧೮೦೩ರಲ್ಲಿ ಹುಟ್ಟಿದ ಈ ಸ್ಕಾಟ್ಲೆಂಡಿನವನು ಹದಿಹರೆಯದಲ್ಲಿಯೇ ಕಂಪನಿ ಸರ್ಕಾರದ ನೌಕರಿ ಹಿಡಿದು ಮದರಾಸಿಗೆ ಬಂದ. ಅಲ್ಲಿಂದ ಧಾರವಾಡದ ಸೀಮೆಗೆ ಬಂದ. ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಹತನಾದಾಗ, ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಸಹಾಯಕ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಈ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಬಿಡುಗಡೆಯಾದ ಮೇಲೆ ಅದೇ ಸೀಮೆಯಲ್ಲಿ ವರ್ಷಗಟ್ಟಲೆ ಉಳಿದು, ಊರೂರು ತಿರುಗಿ, ಗುಡಿಯ ಮುಂದಿನ ಕಲ್ಲುಗಳನ್ನು ಓದಿಸಿ ನಕಲು ಮಾಡಿಸಿದ. ಹೀಗೆ ಕೂಡಿದ ೫೯೫ ಶಾಸನಗಳ ಸಂಗ್ರಹ ‘ಕರ್ನಾಟಕ ದೇಶದ ಶಾಸನಗಳು’ ಎಂಬ ಹೆಸರಿನಿಂದ ಹಸ್ತಪ್ರತಿಯಾಗಿ ಉಳಿದಿದೆ. ಅವುಗಳ ಆಧಾರದಿಂದ ೧೮೩೭ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಚಾಲುಕ್ಯರ ವಂಶಾವಳಿ ಮೊಟ್ಟಮೊದಲಿಗೆ ಒಂದು ಕ್ರಮಕ್ಕೆ ಬಂತು. ಮುಂದೆ ಫ್ಲೀಟನು ಕಟ್ಟಿದ್ದು ಈ ತಳಹದಿಯ ಮೇಲೆಯೇ.

ಕಲ್ಲನ್ನು ಓದುತ್ತಿದ್ದ ಕಣ್ಣೇ ಪ್ರಾಣಿಪಕ್ಷಿಗಳನ್ನೂ ಓದುತ್ತಿತ್ತು. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ಆ ಪ್ರದೇಶದ ಸಸ್ತನಿಗಳ ಪಟ್ಟಿಯೊಂದನ್ನು ಅವನು ೧೮೩೯ರಲ್ಲಿ ಪ್ರಕಟಿಸಿದ. ಪ್ರಾಣಿಗಳಿಗಿದ್ದ ಕನ್ನಡ ಹೆಸರುಗಳನ್ನೂ ಕೇಳಿ ಬರೆದುಕೊಂಡ. ಹೊದರುಗಳಲ್ಲಿ ಗೂಡು ಕಟ್ಟುವ ಒಂದು ಜಾತಿಯ ಇಲಿಗೆ ವಿಜ್ಞಾನಿಗಳು ಇಟ್ಟ ಹೆಸರು ‘ಗೊಲುಂಡ ಎಲಿಯೊಟಿ’. ಹಿಂದಿನ ಪದ ಎಲಿಯಟ್ಟನದು, ಮುಂದಿನ ಪದ ಕನ್ನಡದ ‘ಗುಲಂದಿ’. ಸಿಂಹಳದ ಕಾಫಿತೋಟಗಳನ್ನು ಹಾಳುಮಾಡಿ ‘ಕಾಫಿ ಇಲಿ’ ಎಂಬ ಅಪಕೀರ್ತಿಯನ್ನು ಪಡೆದದ್ದೂ ಇದೇ ಪ್ರಾಣಿ.

೧೮೫೫ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ ವಿದ್ವಾಂಸರ ಸಮ್ಮೇಳನದಲ್ಲಿ ಡಾರ್ವಿನ್ ಮತ್ತು ಎಲಿಯಟ್ ಭೇಟಿಯಾದರು. ಡಾರ್ವಿನ್ ಆಗ ತಾನೇ ಪಾರಿವಾಳ ಸಾಕಲು ತೊಡಗಿದ್ದ. ಲಂಡನ್ನಿನ ಪಾರಿವಾಳದವರ ಕೂಟಗಳಿಗೂ ಸೇರಿ, ಕುಶಲಿಗಳಾದ ಸಾಕಣೆಗಾರರ ಪಕ್ಕದಲ್ಲಿ ಕುಳಿತು ಅವರ ಗುಟ್ಟುಗಳನ್ನು ಕೇಳುತ್ತಿದ್ದ. ಮುಂದಿನ ಜನವರಿಯಲ್ಲಿ ಅವನು ಎಲಿಯಟ್ಟನಿಗೆ ಕಾಗದ ಬರೆದು, ಭಾರತದ ಸಾಕು ಪಾರಿವಾಳಗಳ ಮತ್ತು ಕೋಳಿಗಳ ಚರ್ಮಗಳನ್ನು ಕಳಿಸಿಕೊಡಬೇಕೆಂದು ಕೇಳಿಕೊಂಡ. ಮದರಾಸಿನಿಂದ ಅವು ಹೋದುವು. ೧೮೫೯ರಲ್ಲಿ ಹೊರಬಂದ ‘ಜೀವಜಾತಿಗಳ ಉಗಮ’ದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ ಎಲಿಯಟ್ಟನ ಹೆಸರೆತ್ತಿ ಉಪಕಾರ ಸ್ಮರಿಸಿದ್ದಾನೆ.

ಪಾರಿವಾಳಗಳಿಂದ ಡಾರ್ವಿನ್ ಕಂಡುಕೊಂಡದ್ದೇನು? ಬೀಸಣಿಗೆಯಂತೆ ಬಾಲ ಬಿಚ್ಚುವುದು, ಎದೆ ಉಬ್ಬಿಸಿ ನಿಲ್ಲುವುದು, ಆಕಾಶದಲ್ಲಿ ಲಾಗ ಹಾಕುವುದು, ಹೀಗೆ ಒಂದರಂತೊಂದಿಲ್ಲದ ಈ ತಳಿಗಳೆಲ್ಲ ಒಂದೇ ಮೂಲದವು. ನಮ್ಮ ಕೋಟೆಗೋಡೆಗಳಲ್ಲೂ ಹಾಳುಬಾವಿಗಳಲ್ಲೂ ಗುಡಿಯ ಸಂದುಗಳಲ್ಲೂ ಕಾಣುವ ಬೂದುನೀಲಿಯ ಕಾಡು ಪಾರಿವಾಳವೇ ಅವುಗಳ ಆದಿಪುರುಷ. ಬೇರೆಬೇರೆ ತಳಿಗಳನ್ನು ಅವನು ತಾನೇ ಕೂಡಿಸಿ ನೋಡಿದಾಗ, ಎರಡು ತಲೆಮಾರಿನಾಚೆ, ತಂದೆಗೂ ತಾಯಿಗೂ ಇಲ್ಲದಿದ್ದ ನೀಲಿ ಬಣ್ಣ ಮತ್ತು ರೆಕ್ಕೆಯ ಕಪ್ಪು ಪಟ್ಟಿಗಳು ಮರಿಯ ಮೈಮೇಲೆ ಮರಳಿ ಬಂದುವು. ಸಾಕಣೆಗಾರ ಯಾವುದನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ; ಪ್ರಕೃತಿ ಒಡ್ಡಿದ ಸಣ್ಣಸಣ್ಣ ವ್ಯತ್ಯಾಸಗಳಲ್ಲಿ ತನಗೆ ಬೇಕಾದದ್ದನ್ನು ಆರಿಸಿ ಕೂಡಿಡುತ್ತಾನೆ. ಕೂಡಿಟ್ಟದ್ದರ ಅಡಿಯಲ್ಲಿ ಹಳೆಯದೆಲ್ಲ ಹಾಗೆಯೇ ಇರುತ್ತದೆ. ಅದು ಏಕೆ, ಹೇಗೆ ಎಂಬ ಲೆಕ್ಕವನ್ನು ಮೆಂಡಲ್ ಎಂಬ ಪಾದ್ರಿ ೧೮೬೬ರಲ್ಲಿ ಪ್ರಕಟಿಸಿದ. ಜಗತ್ತು ಅದನ್ನು ಗಮನಿಸಿದ್ದು ೧೯೦೦ರಲ್ಲಿ.

ನನ್ನ ಅಳಿಯನ ಗಿಳಿಗಳ ಚರಿತ್ರೆ ಈ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಬಜರಿಗರ್ ಆಸ್ಟ್ರೇಲಿಯದ ಒಣಬಯಲಿನ ಹಕ್ಕಿ, ಹುಟ್ಟುಬಣ್ಣ ಹಸಿರು. ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ೧೮೪೦ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ನಾಲ್ಕು ದಶಕ ಕಳೆಯುವಷ್ಟರಲ್ಲಿ, ೧೮೮೦ರ ಸುಮಾರಿಗೆ, ಬೆಲ್ಜಿಯಂನ ಪಂಜರಗಳಲ್ಲಿ ನೀಲಿಯ ಮರಿ ಕಾಣಿಸಿಕೊಂಡಿತು. ಹಸಿರು ಮತ್ತು ನೀಲಿಯನ್ನು ಜೋಡಿ ಕಟ್ಟಿದರೆ ಮರಿಗಳು ಹೊರನೋಟಕ್ಕೆ ಹಸಿರೇ. ಆದರೆ ಆ ಹಸಿರಿನೊಳಗೆ ನೀಲಿ ಅಡಗಿರುತ್ತದೆ. ಅಂಥ ಎರಡು ಕೂಡಿದಾಗ ನಾಲ್ಕರಲ್ಲೊಂದು ಪಾಲು ಮರಿಗಳು ನೀಲಿಯಾಗುತ್ತವೆ. ೧೯೨೫ರಲ್ಲಿ ಇಂಗ್ಲೆಂಡಿನಲ್ಲಿ ಬಜರಿಗರ್ ಸಾಕುವವರದೇ ಒಂದು ಸಂಘವಾಗಿ, ಹಕ್ಕಿ ಹೇಗಿದ್ದರೆ ಬಹುಮಾನಕ್ಕೆ ಯೋಗ್ಯ ಎಂಬ ಆದರ್ಶವೂ ಲಿಖಿತವಾಯಿತು. ತಲೆ ದೊಡ್ಡದಾಗಿ ದುಂಡಗಿರಬೇಕು. ಕೊರಳಿನ ಆರು ಚುಕ್ಕೆಗಳು ದೊಡ್ಡದಾಗಿ ಸಮನಾಗಿರಬೇಕು. ಕೋಲಿನ ಮೇಲೆ ನೆಟ್ಟಗೆ ಕುಳಿತಿರಬೇಕು. ಕಾಡಿನ ಹಕ್ಕಿಯನ್ನೂ ಪ್ರದರ್ಶನದ ಹಕ್ಕಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಇಂದು ಅವು ಒಂದೇ ಜಾತಿಯೆಂದು ನಂಬುವುದು ಕಷ್ಟ.

ಇನ್ನು ನಮ್ಮ ಜಗಲಿಗೆ ಬರೋಣ. ಜೋಡಿ ಕಟ್ಟುವ ಕಾಲವನ್ನು ನಮ್ಮಲ್ಲಿ ಗೊತ್ತುಮಾಡುವುದು ಮಳೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಬಿಸಿಲೇ ಇಲ್ಲ. ಗೋಡೆಗೆ ಪಾಚಿ, ಕಾಳಿಗೆ ಬೂಷ್ಟು. ಆ ಕಾಲದಲ್ಲಿ ಮೊಟ್ಟೆ ಇಡಿಸುವುದು ಹಕ್ಕಿಯ ಜೀವಕ್ಕೆ ಸಂಚಕಾರ. ಆದ್ದರಿಂದ ಮಳೆಗಾಲವೆಲ್ಲ ಗಂಡುಗಳನ್ನೂ ಹೆಣ್ಣುಗಳನ್ನೂ ಬೇರೆಬೇರೆ ಇಟ್ಟಿರುತ್ತೇವೆ. ಮಳೆ ಹಿಂದಾದ ಮೇಲೆ ನವಣೆ ಮತ್ತು ಸಜ್ಜೆಯ ಜೊತೆಗೆ ನೆನೆಸಿದ ಕಾಳು, ಸೊಪ್ಪು, ಕೊಕ್ಕಿಗೆ ಸಮುದ್ರದ ನೊರೆಯೆಂದು ಗಂಧಿಗೆ ಅಂಗಡಿಯಲ್ಲಿ ಸಿಗುವ ಮೀನಿನ ಮೂಳೆ. ಕೊಕ್ಕಿನ ಮೇಲಿನ ಪಟ್ಟಿ ಗಂಡಿನಲ್ಲಿ ಹೊಳೆಯುವ ನೀಲಿಯಾಗಿ, ಹೆಣ್ಣಿನಲ್ಲಿ ಕಂದಾಗಿ ತಿರುಗಿದರೆ ಹಕ್ಕಿ ಸಿದ್ಧವೆಂದು ತಿಳಿಯಬೇಕು. ವರ್ಷ ತುಂಬದ ಹೆಣ್ಣನ್ನು ಕೂಡಿಸಬಾರದು. ದೀಪಾವಳಿ ಕಳೆದ ಮೇಲೆ ಒಂದೊಂದು ಜೋಡಿಗೆ ಒಂದೊಂದು ಪಂಜರ, ಅದರಲ್ಲೊಂದು ಬಾಯಿ ಕಿರಿದಾದ ಮಡಕೆ. ದಿನಬಿಟ್ಟು ದಿನ ಒಂದೊಂದರಂತೆ ನಾಲ್ಕರಿಂದ ಆರು ಮೊಟ್ಟೆ. ಪ್ರತಿಯೊಂದಕ್ಕೂ ಹದಿನೆಂಟು ದಿನದ ಕಾವು. ಮರಿ ಒಂದು ವಾರದ್ದಾದಾಗ ಕಾಲಿಗೆ ಸಂಖ್ಯೆ ಕೊರೆದ ಬಳೆ ತೊಡಿಸಬೇಕು. ಆಮೇಲೆ ಕಾಲು ಬೆಳೆದು ಬಳೆ ಹತ್ತುವುದಿಲ್ಲ. ಐದು ವಾರಕ್ಕೆ ಅದು ಮಡಕೆ ಬಿಟ್ಟು ಹೊರಬರುತ್ತದೆ. ಮೊದಲ ಸೂಲು ಸಂಕ್ರಾಂತಿಯ ಹೊತ್ತಿಗೆ, ಎರಡನೆಯದು ಶಿವರಾತ್ರಿಯ ಆಸುಪಾಸಿಗೆ ಮುಗಿಯುತ್ತದೆ. ಕಾಫಿಯ ಹೂಮಳೆ ಬೀಳುವ ಮೊದಲು ಮಡಕೆ ಇಳಿಸಿಬಿಡಬೇಕು. ಮೂರನೆಯ ಸೂಲಿಗೆ ಆಸೆಪಟ್ಟರೆ ಹೆಣ್ಣು ಬಸವಳಿಯುತ್ತದೆ.

ಇದೆಲ್ಲ ಕೈಕೆಲಸ. ನಿಜವಾದ ಆಲೋಚನೆ ನಡೆಯುವುದು ಪುಸ್ತಕದ ಮುಂದೆ. ಪುಟದ ನಡುವೆ ಹಕ್ಕಿಯ ಬಳೆಯ ಸಂಖ್ಯೆ, ಎಡಕ್ಕೆ ತಂದೆತಾಯಿ, ಅಜ್ಜ ಅಜ್ಜಿಯರು, ಬಲಕ್ಕೆ ಗುಣದೋಷಗಳು. ಒಂದರ ದೋಷವೇ ಇನ್ನೊಂದರಲ್ಲೂ ಇರುವ ಎರಡನ್ನು ಎಂದೂ ಜೋಡಿ ಕಟ್ಟಬಾರದು ಎಂಬುದು ಮೊದಲ ಸೂತ್ರ. ಒಂದು ಒಳ್ಳೆಯ ಗುಣವನ್ನು ನೆಲೆಗೊಳಿಸಬೇಕಾದರೆ ರಕ್ತಸಂಬಂಧದೊಳಗೇ ಕೂಡಿಸಬೇಕಾಗುತ್ತದೆ ಎಂಬುದು ಎರಡನೆಯದು. ಇವೆರಡೂ ಒಂದನ್ನೊಂದು ಜಗ್ಗುತ್ತವೆ. ಯಾಕೆಂದರೆ ರಕ್ತಸಂಬಂಧದೊಳಗೆ ಗುಣ ಹೇಗೆ ಗಟ್ಟಿಯಾಗುತ್ತದೋ ಅಡಗಿದ್ದ ದೋಷವೂ ಹಾಗೆಯೇ ಬಯಲಿಗೆ ಬರುತ್ತದೆ.

ಈಗ ನನ್ನ ತಪ್ಪಿನ ಕಥೆ ಹೇಳಬೇಕು. ಐದು ವರ್ಷದ ಕೆಳಗೆ ಅಳಿಯ ಹೊರಗಿನಿಂದ ಒಂದು ನೀಲಿ ಗಂಡನ್ನು ತಂದ. ಅಂಥ ತಲೆಯನ್ನು ನಾವು ಕಂಡೇ ಇರಲಿಲ್ಲ. ಹುಬ್ಬಿನ ಪುಕ್ಕ ಕಣ್ಣನ್ನು ಮುಚ್ಚುವಂತೆ ಇಳಿಬಿದ್ದಿತ್ತು. ಅದು ಬಹುಮಾನವನ್ನೂ ಗೆದ್ದಿತು. ಆ ವರ್ಷ ಅದರ ಸೂಲಿನಲ್ಲಿ ಎರಡು ಮರಿಗಳು ವಿಚಿತ್ರವಾಗಿ ಬೆಳೆದುವು. ಪುಕ್ಕಗಳು ಬೆಳೆಯುವುದನ್ನು ನಿಲ್ಲಿಸಲೇ ಇಲ್ಲ. ಸುರುಳಿ ಸುತ್ತಿಕೊಂಡು ಮೈಯನ್ನೆಲ್ಲ ಮುಚ್ಚಿದುವು. ಹಾರಲಾರವು, ಕಾಳು ಕಾಣಲಾರವು. ಧೂಳು ಒರೆಸುವ ಪುಕ್ಕದ ಕುಂಚದಂತೆ ಕುಳಿತಿದ್ದು ಎರಡು ತಿಂಗಳಲ್ಲಿ ಸತ್ತುಹೋದುವು. ಪ್ರದರ್ಶನದ ಬಜರಿಗರ್‌ಗಳಲ್ಲಿ ಆಗೀಗ ಕಾಣುವ ಈ ವಿಕಾರ ತಂದೆತಾಯಿ ಇಬ್ಬರಲ್ಲೂ ಅಡಗಿದ್ದಾಗ ಮಾತ್ರ ಹೊರಬೀಳುವಂಥದೆಂದು ಬಲ್ಲವರ ಅಭಿಪ್ರಾಯ.

ಅವನ್ನು ಬರೆಯಬೇಕೇ ಎಂದು ಅಳಿಯ ಕೇಳಿದ. ನಾನು, “ಸತ್ತ ಮರಿಗಳ ಸುದ್ದಿ ಪುಸ್ತಕದಲ್ಲೇಕೆ? ಪುಟ ಹಸನಾಗಿರಲಿ” ಎಂದೆ. ಅವನು ಹಿರಿಯರ ಮಾತೆಂದು ಸುಮ್ಮನಾದ. ಆಗಲಿಂದ ಎರಡು ವರ್ಷಕ್ಕೆ, ಬಹುಮಾನದ ತಲೆಯನ್ನು ನೆಲೆಗೊಳಿಸಬೇಕೆಂದು ಆ ಗಂಡಿಗೆ ಅದರ ಮಗಳನ್ನೇ ಜೋಡಿ ಕಟ್ಟಿದೆವು. ಆರಿಸಿದ ಮಗಳು ಅದೇ ಸೂಲಿನದು, ಆ ಎರಡು ಮರಿಗಳ ಒಡಹುಟ್ಟು. ಪುಸ್ತಕದಲ್ಲಿ ಅವು ಇಲ್ಲದ್ದರಿಂದ ನಮ್ಮ ಕಣ್ಣಿಗೆ ಆ ಸೂಲು ನಿರ್ದೋಷವಾಗಿತ್ತು. ಹುಟ್ಟಿದ ಒಂಬತ್ತರಲ್ಲಿ ಮೂರು ಮರಿಗಳು ಕುಂಚಗಳಾದುವು. ಅವು ಸಾಯುವವರೆಗೆ ಅಳಿಯನ ಹೆಂಡತಿ ಕೈಯಲ್ಲಿ ಹಿಡಿದು ಕಾಳು ತಿನ್ನಿಸಿದಳು. ಆ ತಿಂಗಳುಗಳಲ್ಲಿ ನಾನು ಮೂಡಿಗೆರೆಗೆ ಹೋಗಲಿಲ್ಲ.

ಕಲ್ಯಾಣದ ಚಾಲುಕ್ಯರ ಕೆಲವು ಶಾಸನಗಳ ವಂಶಾವಳಿಯಲ್ಲಿ, ಈ ಕುಲದ ಐವತ್ತೊಂಬತ್ತು ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳಿದೆ. ಕುಲವನ್ನು ಕೆಡವಿ ರಾಷ್ಟ್ರಕೂಟರು ಆಳಿದ ಇನ್ನೂರು ವರ್ಷಕ್ಕೆ ಮಾತ್ರ ಅಲ್ಲಿ ದೊರೆಯುವ ಸ್ಥಳ ಒಂದೆರಡು ಮಾತಿನಷ್ಟು. ಗೆದ್ದದ್ದು ವಿಸ್ತಾರ, ಸೋತದ್ದು ಮೌನ. ಪ್ರಶಸ್ತಿಯನ್ನು ಓದುವವನು ಮೌನವನ್ನೇ ಮೊದಲು ಓದಬೇಕು ಎಂದು ಎಷ್ಟು ವರ್ಷ ಪಾಠ ಹೇಳಿದೆ! ಎಲಿಯಟ್ ಮಾಡಿದ್ದೂ ಅದನ್ನೇ. ಒಂದು ಶಾಸನದ ಮೌನವನ್ನು ಇನ್ನೊಂದು ಊರಿನ ಶಾಸನದಿಂದ ತುಂಬುವುದಕ್ಕಾಗಿಯೇ ಅವನಿಗೆ ಅಷ್ಟೊಂದು ಕಲ್ಲುಗಳು ಬೇಕಾಗಿದ್ದುವು. ಅಂಥ ವಿದ್ಯೆಯನ್ನು ಹೊಟ್ಟೆಪಾಡಿಗೆ ಮಾಡಿಕೊಂಡಿದ್ದ ನಾನು, ಕೈಗೆ ಒಂದು ವಂಶಾವಳಿ ಸಿಕ್ಕಿದ ಕೂಡಲೆ ಪ್ರಶಸ್ತಿಯನ್ನೇ ಬರೆದುಬಿಟ್ಟಿದ್ದೆ. ಅರಸರ ಪ್ರಶಸ್ತಿಕಾರನನ್ನು ಹಿಡಿದು ಕೇಳುವವರು ಸಾವಿರ ವರ್ಷ ಕಳೆದ ಮೇಲೆ ಬರುತ್ತಾರೆ. ಹಕ್ಕಿಯ ರೈಟರನ್ನು ಮುಂದಿನ ಸೂಲೇ ಕೇಳಿತು.

ಅಳಿಯ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಂದು ಸಂಜೆ ತೋಟದೊಳಗೆ ಕರೆದುಕೊಂಡು ಹೋಗಿ ಗಿಡಗಳನ್ನು ತೋರಿಸಿದ. “ಮಾವ, ಇದೂ ನಿಮ್ಮ ಪುಸ್ತಕದ ಕಥೆಯೇ” ಎಂದ. ಬಾಬಾಬುಡನ್ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಇಲ್ಲಿ ಮಕ್ಕಳೂ ಬಲ್ಲರು. ಸಂಖ್ಯೆ ಏಳೇ ಇರಲಿ, ಇನ್ನಷ್ಟಿರಲಿ, ಕೆಲವೇ ಬೀಜಗಳ ಸಂತಾನ ನಮ್ಮ ಬೆಟ್ಟಗಳನ್ನೆಲ್ಲ ಮುಚ್ಚಿತು. ಚಿಕ್ಕಮಗಳೂರಿನ ಹೆಸರಿನಿಂದಲೇ ‘ಚಿಕ್’ ಎನ್ನಿಸಿಕೊಂಡಿದ್ದ ಆ ಹಳೆಯ ತಳಿ ಕಾಂಡಕೊರಕಕ್ಕೂ ೧೮೭೦ರ ಸುಮಾರಿಗೆ ಬಂದ ಎಲೆತುಕ್ಕಿಗೂ ಸಿಕ್ಕಿ ನೆಲಕಚ್ಚಿತು. ಅದರ ಜಾಗಕ್ಕೆ ಕೊಡಗಿನ ತಳಿ ಬಂತು. ಅದೂ ತುಕ್ಕಿಗೆ ತುತ್ತಾಯಿತು. ೧೯೧೧ರಲ್ಲಿ ಕೆಂಟ್ ಎಂಬ ಆಂಗ್ಲ ಪ್ಲಾಂಟರು ಮೈಸೂರು ಸೀಮೆಯ ಒಂದು ತೋಟದಲ್ಲಿ ರೋಗ ತಾಳಿಕೊಂಡ ಗಿಡವೊಂದನ್ನು ಗುರುತಿಸಿ ಅದರ ಬೀಜ ಹರಡಿದ. ‘ಕೆಂಟ್ಸ್’ ಕೆಲವು ದಶಕ ಮೆರೆಯಿತು. ತುಕ್ಕಿನ ಹೊಸ ಬಗೆ ಹುಟ್ಟಿ ಅದಕ್ಕೂ ತಗುಲಿತು. ೧೯೨೫ರಲ್ಲಿ ಮೈಸೂರು ಸರ್ಕಾರ, ಕೃಷಿ ಇಲಾಖೆಯ ನಿರ್ದೇಶಕ ಡಾ. ಲೆಸ್ಲಿ ಕೋಲ್ಮನ್ನರ ಆಸಕ್ತಿಯಿಂದ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಅಲ್ಲಿ ಎಸ್. ೨೮೮ ಎಂಬ ಗಿಡಕ್ಕೂ ಕೆಂಟ್ಸ್‌ಗೂ ಸಂಕರ ಮಾಡಿ ಪಡೆದ ಎಸ್. ೭೯೫ ಸಾವಿರದ ಒಂಬೈನೂರ ನಲವತ್ತರ ದಶಕದಿಂದ ನಮ್ಮ ತೋಟಗಳಿಗೆ ಬಂತು. ಎಸ್. ೨೮೮ರ ಪೂರ್ವಜರಲ್ಲಿ ಅರೇಬಿಕವೂ ಇದೆ, ಲೈಬೀರಿಕವೆಂಬ ಬೇರೆಯೇ ಜಾತಿಯ ಕಾಫಿಯೂ ಇದೆ. ರೋಗ ತಾಳುವ ಬಲ ಬಂದದ್ದು ಆ ಹೊರಗಿನ ರಕ್ತದಿಂದ. ‘ಎಸ್’ ಎಂದರೆ ಸೆಲೆಕ್ಷನ್, ಆಯ್ಕೆ. ಸಂಖ್ಯೆ ೭೯೫ಕ್ಕೆ ಮುಟ್ಟಬೇಕಾದರೆ ಬಿಟ್ಟುಕೊಟ್ಟ ಗಿಡಗಳ ಲೆಕ್ಕವನ್ನೂ ಯಾರೋ ಇಟ್ಟಿದ್ದಿರಬೇಕು.

ನಮಗೂ ಬೇಕಾದದ್ದು ಹೊರಗಿನ ರಕ್ತವೇ. ಅದು ದೊರೆತದ್ದು ಕಳಸದಲ್ಲಿ, ಅಳಿಯನ ಅತ್ತೆಯ ಮನೆಯಲ್ಲಿ. ಹಕ್ಕಿ ಸಾಕಲು ತೊಡಗಿದ ಹೊಸತರಲ್ಲಿ ಅವನು ಎರಡು ಜೋಡಿಗಳನ್ನು ಅಲ್ಲಿ ಇಟ್ಟಿದ್ದ. ಕಳಸದ ಮಳೆ ಮೂಡಿಗೆರೆಯ ಮಳೆಯನ್ನು ನಾಚಿಸುವಂಥದು. ಆದರೂ ನಮ್ಮ ಬೀಗಿತ್ತಿ, ಅಡುಗೆಮನೆಯ ಒಲೆಯ ಬೆಚ್ಚನೆಯ ಗೋಡೆಯ ಆಚೆ ಪಂಜರ ಇಟ್ಟು, ಕಾಳನ್ನು ದಿನವೂ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ, ಆ ಸಂತತಿಯನ್ನು ಉಳಿಸಿಕೊಂಡು ಬಂದಿದ್ದರು. ಬಹುಮಾನದ ಗಂಡನ್ನು ಒಂದು ಋತುವಿನ ಮಟ್ಟಿಗೆ ಇಟ್ಟುಕೊಳ್ಳಿ ಎಂದು ಹಿಂದೆ ಅಳಿಯ ಒಯ್ದಿದ್ದಾಗ ಅವರು ಒಪ್ಪಿರಲಿಲ್ಲ. “ಕಣ್ಣಿನ ಮೇಲೇ ಪುಕ್ಕ ಬಿದ್ದಿದೆ, ಪಾಪ, ಅದಕ್ಕೆ ಕಾಳೆಲ್ಲಿ ಕಾಣಬೇಕು? ನನಗೆ ಬೇಡ, ತಗೊಂಡು ಹೋಗಪ್ಪ” ಎಂದಿದ್ದರಂತೆ. ಆಗ ನಾವಿಬ್ಬರೂ ನಕ್ಕಿದ್ದೆವು.

ಈ ವರ್ಷ ಆಯುಧಪೂಜೆ ಕಳೆದ ಮೇಲೆ ನಾನೂ ಅಳಿಯನೂ ಕಳಸಕ್ಕೆ ಹೋದೆವು. ಹಕ್ಕಿಗಳು ಗಾತ್ರದಲ್ಲಿ ನಮ್ಮವಕ್ಕಿಂತ ಸಣ್ಣವು, ಚುಕ್ಕೆಗಳೂ ಅಷ್ಟಕ್ಕಷ್ಟೆ. ಕಣ್ಣು ಮಾತ್ರ ನಿಚ್ಚಳ. ಒಂದು ಕೋಲಿನಿಂದ ಇನ್ನೊಂದಕ್ಕೆ ಹಾರುವಾಗ ರೆಕ್ಕೆ ಸದ್ದಾಗುತ್ತಿತ್ತು. ಯಾವುದು ಯಾವುದರ ಮರಿಯೆಂದು ಗೊತ್ತೇ ಎಂದು ಕೇಳಿದೆ. “ಪುಸ್ತಕಗಿಸ್ತಕ ಇಲ್ಲ ಮೇಷ್ಟ್ರೇ, ಗೋಡೆಯ ಮೇಲೆ ಇದೆ ನೋಡಿ” ಎಂದರು. ಮೊಳೆಯೊಂದಕ್ಕೆ ಹಲವು ವರ್ಷದ ಕ್ಯಾಲೆಂಡರುಗಳು ಒಂದರ ಮೇಲೊಂದು ತೂಗಿದ್ದುವು. ಮೊಟ್ಟೆ ಇಟ್ಟ ದಿನಕ್ಕೊಂದು ಸೊನ್ನೆ. ಮರಿಯಾದರೆ ಸೊನ್ನೆಯೊಳಗೊಂದು ಚುಕ್ಕೆ. ಸತ್ತರೆ ಸೊನ್ನೆಯ ಮೇಲೊಂದು ಅಡ್ಡಗೀಟು. ಯಾವ ಮಡಕೆಯದೆಂದು ತಿಳಿಯಲು ಒಂದಕ್ಕೆ ನೀಲಿ ಮಸಿ, ಇನ್ನೊಂದಕ್ಕೆ ಕೆಂಪು. ಅಡ್ಡಗೀಟುಗಳು ಧಾರಾಳವಾಗಿದ್ದುವು. ಸತ್ತದ್ದನ್ನೂ ಗುರುತು ಹಾಕಿದ್ದೀರಲ್ಲ ಎಂದದ್ದಕ್ಕೆ ಅವರು ಅಚ್ಚರಿಯಿಂದ ನನ್ನ ಮುಖ ನೋಡಿ, “ಅದೂ ಹುಟ್ಟಿತ್ತಲ್ಲ” ಎಂದರು. ಕ್ಯಾಲೆಂಡರುಗಳನ್ನು ಕೇಳಿ ಪಡೆದು, ನಾಲ್ಕು ಹೆಣ್ಣುಗಳೊಡನೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಕಳೆದ ಶನಿವಾರ ಈ ವರ್ಷದ ಜೋಡಿಗಳನ್ನು ಬರೆದೆವು. ನಮ್ಮಲ್ಲಿ ಆ ನೀಲಿ ಗಂಡಿನ ರಕ್ತ ತಾಗದ ಎರಡು ಹಸಿರು ಗಂಡುಗಳಿವೆ, ಅವುಗಳಿಗೆ ಕಳಸದ ಎರಡು ಹೆಣ್ಣು. ಉಳಿದ ಎರಡನ್ನು ನಮ್ಮ ಹಳೆಯ ಸಂತತಿಯ ಬೇರೆ ಗಂಡುಗಳಿಗೆ ಗೊತ್ತುಮಾಡಿದೆವು. ನೀಲಿ ಗಂಡಿಗೂ ಅದರ ಮಕ್ಕಳಿಗೂ ಜೋಡಿಯಿಲ್ಲ. ಅವು ದೊಡ್ಡ ಪಂಜರದಲ್ಲಿ ಇದ್ದಷ್ಟು ದಿನ ಇರಲಿ ಎಂದು ಅಳಿಯ ತೀರ್ಮಾನಿಸಿದ. ಮುಂದಿನ ಎರಡು ಮೂರು ವರ್ಷ ಪ್ರದರ್ಶನದ ಮಾತಿಲ್ಲ. ಸಣ್ಣ ತಲೆಯ ಹಕ್ಕಿಗೆ ಬಟ್ಟಲು ಕೊಡುವವರಿಲ್ಲ. ಅದು ಅವನಿಗೆ ಸುಲಭವಾಗಿರಲಿಲ್ಲವೆಂಬುದು ಅವನು ಪೆನ್ಸಿಲಿನಿಂದ ಮೇಜನ್ನು ಬಡಿಯುತ್ತ ಕುಳಿತದ್ದರಿಂದಲೇ ತಿಳಿಯುತ್ತಿತ್ತು.

ಎಲಿಯಟ್ ಕೊನೆಗಾಲದಲ್ಲಿ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡ. ಆದರೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ತನ್ನ ಗ್ರಂಥವನ್ನು ೧೮೮೫ರಲ್ಲಿ ಹೊರತಂದು, ಎರಡು ವರ್ಷದ ಮೇಲೆ ಸ್ಕಾಟ್ಲೆಂಡಿನ ತನ್ನ ಮನೆಯಲ್ಲಿ ತೀರಿಕೊಂಡ. ನನ್ನ ಕಣ್ಣೂ ಈಗ ಮೊದಲಿನಂತಿಲ್ಲ. ಆದ್ದರಿಂದ ಪುಸ್ತಕದಲ್ಲಿ ಹೊಸದಾಗಿ ಎಳೆದ ಅಂಕಣವನ್ನು ಸ್ವಲ್ಪ ಅಗಲವಾಗಿಯೇ ಎಳೆದೆ. ಅದರ ನೆತ್ತಿಯ ಮೇಲೆ ‘ಉಳಿಯದವು’ ಎಂದು ಬರೆದೆ. ಕಳಸದ ಕ್ಯಾಲೆಂಡರುಗಳ ಅಡ್ಡಗೀಟುಗಳನ್ನು ಒಂದೊಂದಾಗಿ ಅಲ್ಲಿಗೆ ಇಳಿಸಿದೆ. ಆಮೇಲೆ ಹಿಂದಿನ ಪುಟಗಳಿಗೆ ತಿರುವಿದೆ.

ಹೊರಗೆ ಅತ್ತಿಮರದಲ್ಲಿ ಬೆಟ್ಟದ ಗೊರವಂಕಗಳು ಗದ್ದಲ ಮಾಡುತ್ತಿದ್ದುವು. ಅಳಿಯ ಕಾಫಿ ತಂದಿಟ್ಟು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಮೊದಲಿನ ಆ ಎರಡು ಮರಿಗಳನ್ನೂ ಬರೆದಿರಾ, ಮಾವ?”

“ಬರೆದೆ” ಎಂದೆ.